ಪ್ರಸನ್ನ ಎಂದರೆ ಹಲ್ಲು ಕಿರಿಯುವುದಲ್ಲ

'ಸಿಬ್ಬಂದಿ ಸದಾ ಪ್ರಸನ್ನರಾಗಿ, ಅಂದರೆ ನಗುನಗುತ್ತಾ ಇರತಕ್ಕದ್ದು.' ಇಂಥ ಸುತ್ತೋಲೆ ಕಣ್ಣಿಗೆ ಬಿದ್ದದ್ದು ಇದೇ ಮೊದಲಲ್ಲ. ನನ್ನ ತಕರಾರೆಲ್ಲ ನಡುವಿನ ಆ 'ಅಂದರೆ'ಯ ಮೇಲೆ.

ಪ್ರಸನ್ನದೊಳಗೆ ನಗುವೇ ಇಲ್ಲ. ಇರುವುದು 'ಸದ್' ಧಾತು: ಕೂರು, ತಂಗು, ಕೆಳಗಿಳಿ. ಕದಡಿದ ನೀರನ್ನು ಅಲ್ಲಾಡಿಸದೆ ಬಿಟ್ಟರೆ ಮಣ್ಣು ತಳ ಸೇರಿ ಮೇಲೆ ತಿಳಿ ನಿಲ್ಲುತ್ತದಲ್ಲ, ಆ ತಿಳಿನೀರು ಪ್ರಸನ್ನ. ನೀರು ತಿಳಿಯಾಗಿಸುವ ಚಿಲ್ಲದ ಬೀಜವನ್ನು ಮನುಸ್ಮೃತಿ 'ಅಂಬುಪ್ರಸಾದಕ' ಎನ್ನುತ್ತದೆ. ದೇವರ ಪ್ರಸಾದವೂ ಇದೇ ಮನೆಯದು. 'ಮನಸ್ಸು ತಿಳಿಯಾಯಿತು' ಎಂದು ದಿನಾ ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಸೋಜಿಗ.

ಇನ್ನೂ ಸ್ವಾರಸ್ಯ ಬೇಕೆ? ವಿಷಾದವೂ ಈ ಸದ್‌ನ ಕೂಸೇ, ಉಪಸರ್ಗವಷ್ಟೇ ಬೇರೆ. ಒಂದರಲ್ಲಿ ತಳಕ್ಕಿಳಿಯುವುದು ಕೊಳೆ, ಇನ್ನೊಂದರಲ್ಲಿ ಮನುಷ್ಯನೇ. ಗೀತೆ ಶುರುವಾಗುವುದು ಅರ್ಜುನನ ವಿಷಾದದಿಂದ. 17ನೇ ಅಧ್ಯಾಯದಲ್ಲಿ ಮನಸ್ಸಿನ ತಪಸ್ಸುಗಳನ್ನು ಎಣಿಸುವಾಗ ಮೊದಲು ಬರುವುದು 'ಮನಃಪ್ರಸಾದ'. ಮೌನ ಕೂಡ ಅದರ ಹಿಂದೆ. ತಪಸ್ಸು ಅಂದಮೇಲೆ ಅದು ಹುಟ್ಟುಗುಣವಲ್ಲ, ರೂಢಿಸಿಕೊಳ್ಳುವಂಥದ್ದು. ಸುತ್ತೋಲೆ ಹೊರಡಿಸಿದರೆ ಬರುವಂಥದ್ದಂತೂ ಅಲ್ಲವೇ ಅಲ್ಲ.

ಸರದಿಯಲ್ಲಿ ಹತ್ತನೆಯವರು ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಕೌಂಟರಿನಾಕೆ ನಗುವುದಿಲ್ಲ, ನಿಟ್ಟುಸಿರನ್ನೂ ಬಿಡುವುದಿಲ್ಲ; ಪೆನ್ನಿನ ತುದಿಯನ್ನು ಅರ್ಜಿಯ ಅದೇ ಖಾನೆಗೆ ತಾಗಿಸಿ, ಮೊದಲನೆಯವರಿಗೆ ಹೇಳಿದ ದನಿಯಲ್ಲೇ 'ಇಲ್ಲಿ ಸಹಿ ಹಾಕಿ' ಅನ್ನುತ್ತಾಳೆ. ಪ್ರಸನ್ನ ಅಂದರೆ ಅದು. ಸಾವಿನ ಮನೆಗೆ ಬಂದು, ಮಾತಿಲ್ಲದೆ ಪಾತ್ರೆ ತೊಳೆದಿಟ್ಟು, ಮಗುವಿಗೆ ಉಣಿಸಿ ಹೋಗುವವರದೂ ಅದೇ. ಅತ್ತು ಮುಗಿಸದವರ ಮುಂದೆ ನಿಂತು 'ಎಲ್ಲಾ ಒಳ್ಳೆಯದಕ್ಕೇ, ನಗ್ತಾ ಇರಿ' ಅನ್ನುವವರು ಕೂತ ಮಣ್ಣನ್ನು ಮತ್ತೆ ಕದಡುವವರು.

ಅಚ್ಚಗನ್ನಡವೇ ಬೇಕೆಂದರೆ 'ಗೆಲುವು' ಇದೆ. 'ಜ್ವರ ಬಿಟ್ಟು ಮಗು ಗೆಲುವಾಗಿದೆ' ಅಂದಾಗ ಯಾರನ್ನು ಸೋಲಿಸಿತು ಎಂದು ಯಾರೂ ಕೇಳುವುದಿಲ್ಲ. ಲವಲವಿಕೆ ಬೇರೆ, ಅದು ಚುರುಕಿನ ಮಾತು. ಲವಲವಿಕೆಯಿಂದ ಜಗಳವನ್ನೂ ಆಡಬಹುದು.

ಬರೀ ನಗು ಸಾಕು ಅನ್ನುವವರಿಗೆ 'ಹಸನ್ಮುಖ' ಎಂಬ ಪದ ಸಿದ್ಧವಾಗಿಯೇ ಇದೆ. ಹೆಸರೇ ಹೇಳುವಂತೆ ಅದು ಮುಖದ ಮಟ್ಟದ ಮಾತು. ಸುತ್ತೋಲೆಯವರು ಅದನ್ನೇ ಬರೆಯಬಹುದಿತ್ತು.