ಮೊಣಕಾಲುದ್ದದ ನೀರಲ್ಲಿದೆ ಕೆರೆಯ ಜೀವ

"ಹೂಳೆಲ್ಲ ತೆಗೆಸಿದ್ವಿ, ಕೆರೆ ಆಳ ಆಯ್ತು. ಆದ್ರೂ ಹಕ್ಕಿ ಯಾಕೆ ಬರ್ತಿಲ್ಲ ಸಾರ್?" ಬೆಂಗಳೂರಿನ ಕೆರೆಗಳಲ್ಲಿ ಸಮೀಕ್ಷೆ ಮಾಡುವಾಗ ವಾಕಿಂಗ್‌ಗೆ ಬಂದವರು ಹೀಗೆ ಕೇಳುತ್ತಾರೆ. ನಾನು ಅವರನ್ನು ದಡಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಕಲ್ಲು ಕಟ್ಟಿದ ದಂಡೆ ದಾಟಿದರೆ ಒಂದೇ ಹೆಜ್ಜೆಗೆ ಆಳೆತ್ತರದ ನೀರು. ಅಲ್ಲಿ ಕೊಕ್ಕರೆ ಎಲ್ಲಿ ನಿಲ್ಲಬೇಕು?

ನಮ್ಮ ಹಿರಿಯರು ಕೆರೆಗೆ ಗುಂಡಿ ತೋಡಲಿಲ್ಲ. ಇಳಿಜಾರು ನೋಡಿ ಅಡ್ಡಲಾಗಿ ಏರಿ ಹಾಕಿದರು. ಹಾಗಾಗಿ ಏರಿಯ ಹತ್ತಿರ ಆಳ ಜಾಸ್ತಿ, ಮೇಲ್ಗಡೆಗೆ ಹೋದಂತೆ ನೀರು ತೆಳುವಾಗುತ್ತದೆ. ಆ ತೆಳು ನೀರಿನಲ್ಲಿ ಬಿಸಿಲು ತಳ ಮುಟ್ಟುತ್ತದೆ, ಜೊಂಡು ಬೆಳೆಯುತ್ತದೆ. ಮೀನಿನ ಮರಿಗಳು ಅಡಗುವುದು ಅಲ್ಲೇ. ಏರೋಪ್ಲೇನ್ ಚಿಟ್ಟೆಯ ಮರಿ ರೆಕ್ಕೆ ಬರುವವರೆಗೂ ಬದುಕುವುದು ಅಲ್ಲೇ.

ಇನ್ನೊಂದು ಮಾತು. ಕೆರೆ ಇದ್ದದ್ದು ನೀರಾವರಿಗೆ. ಗದ್ದೆಗೆ ನೀರು ಬಿಡುವ ನೀರುಗಂಟಿ ತೂಬಿನ ಬಾಗಿಲು ಎತ್ತಿದಂತೆಲ್ಲ ನೀರು ಇಳಿಯುತ್ತಿತ್ತು, ಕೆಸರು ತೆರೆದುಕೊಳ್ಳುತ್ತಿತ್ತು. ಚಳಿಗಾಲಕ್ಕೆ ಉತ್ತರದಿಂದ ಬರುವ ಗದ್ದೆಗೊರವ ಹಕ್ಕಿಗಳಿಗೆ ಬೇಕಾದದ್ದು ಆ ಕೆಸರೇ. ಬೇಸಿಗೆಯಲ್ಲಿ ರೈತರು ಕೆರೆಗೋಡನ್ನು, ಅಂದರೆ ತಳದ ಹೂಳು ಮಣ್ಣನ್ನು, ಗಾಡಿಗೆ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ಒಣಗಿದ ಅಂಗಳದಲ್ಲಿ ಹುಲ್ಲು ಬರುತ್ತಿತ್ತು, ಮಳೆ ಬಿದ್ದಾಗ ಅದು ಕೊಳೆತು ಹೊಸ ನೀರಿನ ಜೀವಿಗಳಿಗೆ ಆಹಾರವಾಗುತ್ತಿತ್ತು. ಈಗ ಎಷ್ಟೋ ಕೆರೆಗಳಿಗೆ ವರ್ಷವಿಡೀ ಚರಂಡಿ ನೀರು ಬರುತ್ತದೆ. ಮಟ್ಟ ಕದಲುವುದಿಲ್ಲ, ಅಂತರಗಂಗೆ ಕಳೆ ಹಬ್ಬುತ್ತದೆ. ತುಂಬಿದ ಕೆರೆ ನೋಡಿ ಜನ ಖುಷಿಪಡುತ್ತಾರೆ. ನನಗೆ ಮಾತ್ರ ಸಂಕಟವಾಗುತ್ತದೆ.

ನೀರಿನ ಆಮ್ಲಜನಕ ಅಳೆಯಲು ನಾವು ಸೂರ್ಯ ಹುಟ್ಟುವ ಮುಂಚೆಯೇ ಹೋಗುತ್ತೇವೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಎಲ್ಲರಂತೆ ಉಸಿರಾಡಿ ಬಳಸಿಕೊಳ್ಳುತ್ತದೆ. ಮಧ್ಯಾಹ್ನ ಅಳೆದರೆ ಕೊಳಕು ಕೆರೆಯೂ ಚೆನ್ನಾಗಿಯೇ ಕಾಣುತ್ತದೆ. ಮೀನಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು ಎನ್ನುವುದು ಸರ್ಕಾರದ ಮಾನದಂಡ. ನಸುಕಿನಲ್ಲಿ ಅದು ಕುಸಿದಿದ್ದರೆ ಮೀನು ಬಾಯಿ ಮೇಲೆತ್ತಿ ಒದ್ದಾಡುತ್ತಿರುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿದೆ ಅಲ್ವಾ? ಆಮೇಲೆ ತಳದ ಕೆಸರನ್ನು ಜಾಲರಿಯಲ್ಲಿ ಜಾಲಿಸುತ್ತೇವೆ. ಬರೀ ಕೆಂಪು ಹುಳುಗಳೇ ಸಿಕ್ಕರೆ ಅಲ್ಲಿ ಉಸಿರಾಟ ಕಷ್ಟ ಎಂದು ಅರ್ಥ. ಅವುಗಳ ರಕ್ತದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅಷ್ಟಿಷ್ಟು ಗಾಳಿಯಲ್ಲೇ ಬದುಕುತ್ತವೆ.

ಒಂದೇ ಕೆರೆ ನೋಡಿದರೂ ಸಾಲದು. ಬೆಂಗಳೂರು ದಿಣ್ಣೆಯ ಮೇಲಿದೆ. ಪಡುವಣದ ನೀರು ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಮೂಡಣದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಕೆಳಗಿನ ಕೆರೆಯ ಮೀನು ಹೊಸ ನೀರಿಗೆ ಎದುರಾಗಿ ಹತ್ತುತ್ತವೆ. ಕೆರೆಗಳನ್ನು ಜೋಡಿಸುವ ರಾಜಕಾಲುವೆಗೆ ನೇರ ಕಾಂಕ್ರೀಟ್ ಗೋಡೆ ಕಟ್ಟಿ, ನಡುವೆ ಎತ್ತರದ ಅಡ್ಡಗಟ್ಟೆ ಹಾಕಿದರೆ ಆ ದಾರಿ ಮುಚ್ಚಿದಂತೆ.

ಬೆಂಗಳೂರಿನ ಜಕ್ಕೂರಿನಲ್ಲಿ ಶುದ್ಧೀಕರಿಸಿದ ಚರಂಡಿ ನೀರು ಜೊಂಡಿನ ಜೌಗು ದಾಟಿ ಕೆರೆಗೆ ಬರುತ್ತದೆ. ಒಮ್ಮೆ ಹೋಗಿ ನೋಡಿ. ನಿಮ್ಮ ಬಡಾವಣೆಯ ಕೆರೆಗೆ ಜೆಸಿಬಿ ಬರುವ ಮುನ್ನ ನಕ್ಷೆ ಕೇಳಿ ನೋಡಿ. ಮೇಲ್ಗಡೆಯ ಇಳಿಜಾರನ್ನು ಮುಟ್ಟಬೇಡಿ ಎಂದು ಅದರಲ್ಲೇ ಬರೆಸಿ. ಹೂಳು ಏರಿಯ ಕಡೆಯಿಂದ ತೆಗೆಯಲಿ. ಜೊಂಡನ್ನು ಒಂದೇ ವರ್ಷ ಪೂರ್ತಿ ಕೀಳುವುದು ಬೇಡ, ಅರ್ಧವಾದರೂ ಬಿಡಲಿ. ಗೂಡುಗಳಲ್ಲಿ ಮರಿ ಇರುವಾಗಂತೂ ಯಂತ್ರ ಕೆರೆಗೆ ಇಳಿಯುವುದೇ ಬೇಡ.