ಉಗಿ ತುಳಿಯುವ ಏತ

ಬಾವಿಯ ಮೇಲಿನ ಏತವನ್ನು ಕಂಡವರಿಗೆ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತ್ಯದ ಕ್ರಾಫ್ಟನ್ ಪಂಪ್‌ಹೌಸಿನ ಯಂತ್ರ ಅಪರಿಚಿತವೆನಿಸಲಾರದು. ನಡುವೆ ಆನಿಕೊಂಡು ತೂಗುವ ಎರಕದ ಕಬ್ಬಿಣದ ತೊಲೆ, ಅದರ ಒಂದು ತುದಿಗೆ ನೀರೆತ್ತುವ ಪಂಪಿನ ಸರಳು, ಇನ್ನೊಂದು ತುದಿಗೆ, ಏತ ತುಳಿಯುವ ಆಳಿನ ಜಾಗದಲ್ಲಿ, ಪಿಸ್ಟನ್. ಬೌಲ್ಟನ್ ಅಂಡ್ ವಾಟ್ ಕಂಪನಿಯ ಈ ಯಂತ್ರ ಕೆನೆಟ್ ಮತ್ತು ಏವನ್ ಕಾಲುವೆಯ ಅತಿ ಎತ್ತರದ ಹಂತಕ್ಕೆ ನೀರು ಒದಗಿಸಲು 1812ರಲ್ಲಿ ಬಂದಿತು. ಪಕ್ಕದಲ್ಲೇ ಹಾರ್ವೆ ಕಂಪನಿಯ 1846ರ ಯಂತ್ರವೂ ಇದೆ.

1958ರಲ್ಲಿ ಶಿಥಿಲಗೊಂಡ ಚಿಮಣಿಯ ಮೇಲ್ಭಾಗವನ್ನು ಇಳಿಸಿದ ಮೇಲೆ ಒಲೆಗೆ ಬೇಕಾದ ಗಾಳಿಯ ಸೆಳೆತ ಸಾಲದೆ ಯಂತ್ರಗಳು ನಿಂತವು. ಕಾಲುವೆಯ ಅಭಿಮಾನಿಗಳ ಟ್ರಸ್ಟ್ 1968ರಲ್ಲಿ ಈ ಕಟ್ಟಡವನ್ನು ಕೊಂಡಿತು. ಸ್ವಯಂಸೇವಕರು ತುಕ್ಕು ಕೆರೆದು, ಭಾಗಗಳನ್ನು ಬಿಚ್ಚಿ ಜೋಡಿಸಿ, 1812ರ ಯಂತ್ರವನ್ನು 1970ರ ಏಪ್ರಿಲ್‌ನಲ್ಲಿ ಮತ್ತೆ ಓಡಿಸಿದರು.

ಈ ಯಂತ್ರದ ಬಲ ಉಗಿಯ ಒತ್ತಡದಲ್ಲಿ ಮಾತ್ರವಿದೆ ಎಂದುಕೊಂಡರೆ ತಪ್ಪಾದೀತು. ಕುದಿನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ಉಗಿಯನ್ನು ಪ್ರತ್ಯೇಕ ಪಾತ್ರೆಯೊಂದರಲ್ಲಿ ತಣಿಸಿ ಮತ್ತೆ ನೀರಾಗಿಸಿದರೆ ಅಲ್ಲಿ ನಿರ್ವಾತಕ್ಕೆ ಹತ್ತಿರದ ಸ್ಥಿತಿ ಉಂಟಾಗುತ್ತದೆ. ಪಿಸ್ಟನ್ನಿನ ಮೇಲೆ ಉಗಿ, ಕೆಳಗೆ ಈ ನಿರ್ವಾತ ಇದ್ದಾಗ ಅದು ಕೆಳಗಿಳಿಯುತ್ತದೆ, ಆಚೆಯ ತುದಿ ನೀರನ್ನು ಎತ್ತುತ್ತದೆ. ಪಿಸ್ಟನ್ನಿನ ಮೇಲೂ ಕೆಳಗೂ ಉಗಿಯನ್ನು ಸಮವಾಗಿ ಹರಿಯಬಿಟ್ಟಾಗ ಪಂಪಿನ ಸರಳು ತನ್ನ ಭಾರದಿಂದಲೇ ಇಳಿದು ಪಿಸ್ಟನ್ನನ್ನು ಮೇಲಕ್ಕೆಳೆಯುತ್ತದೆ. ಆದ್ದರಿಂದ ಇಲ್ಲಿ ದುಡಿಯುವವರಿಗೆ ಹೊರಗೆ ಸೋರುವ ಉಗಿಗಿಂತ ಒಳಗೆ ನುಸುಳುವ ಗಾಳಿಯ ಚಿಂತೆಯೇ ಹೆಚ್ಚು. ಉಗಿ ಸೋರಿದರೆ ಬಿಳಿಯಾಗಿ ಕಣ್ಣಿಗೆ ಬೀಳುತ್ತದೆ. ಗಾಳಿ ಯಾವ ಕೀಲಿನಿಂದ ಒಳಹೊಕ್ಕಿತೆಂಬುದನ್ನು ಹುಡುಕಿಯೇ ತಿಳಿಯಬೇಕು. ಬಾಯ್ಲರನ್ನೂ ಅವಸರದಲ್ಲಿ ಕಾಯಿಸುವಂತಿಲ್ಲ, ಏಕೆಂದರೆ ಒಳಗಿನ ಕೊಳವೆಗಳೂ ಹೊರಗಿನ ಕವಚವೂ ಒಂದೇ ವೇಗದಲ್ಲಿ ಹಿಗ್ಗದಿದ್ದರೆ ಬೆಸುಗೆ, ರಿವೆಟ್‌ಗಳ ಮೇಲೆ ಒತ್ತಡ ಬೀಳುತ್ತದೆ.

ಕಾಲುವೆಗೆ ದಿನನಿತ್ಯ ನೀರೆತ್ತುವುದು ಈಗ ವಿದ್ಯುತ್ ಪಂಪುಗಳ ಕೆಲಸ. ಪ್ರದರ್ಶನದ ದಿನಗಳಲ್ಲಿ ಅವನ್ನು ನಿಲ್ಲಿಸಿ ಹಳೆಯ ಯಂತ್ರಕ್ಕೇ ಆ ಹೊಣೆ ಒಪ್ಪಿಸುತ್ತಾರೆ. ಒಂದೊಂದು ಬೀಸಿಗೆ ಸುಮಾರು ಒಂದು ಟನ್ ನೀರು, 12 ಮೀಟರ್ ಎತ್ತರಕ್ಕೆ. ಪ್ರದರ್ಶನವೆಂದರೆ ಗಾಜಿನ ಪೆಟ್ಟಿಗೆಯೊಳಗಿನ ಮೌನ ಎಂದು ನಂಬಿದವರು ಇಲ್ಲಿಗೆ ಬಂದು ನೋಡುವುದು ಒಳ್ಳೆಯದು.

ನನಗೆ ಇದರಲ್ಲಿ ಅತ್ಯಂತ ಕುತೂಹಲಕರವೆನಿಸುವುದು ಯಂತ್ರ ಹೊರಡುವ ಕ್ಷಣ. ರೈಲು ಎಂಜಿನ್ನಿನಂತೆ ಪಿಸ್ಟನ್ನಿನ ಓಟಕ್ಕೆ ಗಡಿ ಹಾಕುವ ತಿರುಗುಗಾಲಿ ಇದಕ್ಕಿಲ್ಲ. ಅದು ಎಲ್ಲಿಯವರೆಗೆ ಇಳಿಯಬೇಕೆಂಬುದನ್ನು ಕವಾಟಗಳು ಮುಚ್ಚುವ ಹೊತ್ತೇ ನಿರ್ಧರಿಸುತ್ತದೆ. ಮೊದಲ ಕೆಲವು ಬೀಸುಗಳಲ್ಲಿ ಚಾಲಕ ಹಿಡಿಕೆಗಳನ್ನು ಕೈಯಲ್ಲೇ ಎತ್ತಿ ಇಳಿಸುತ್ತಾ ತೊಲೆಯ ಲಯವನ್ನು ಹಿಡಿಯಬೇಕು. ಲಯ ಕೂಡಿದ ಮೇಲೆ ತೊಲೆಯಿಂದ ತೂಗುಬಿದ್ದ ಸರಳೊಂದು ಆ ಹಿಡಿಕೆಗಳನ್ನು ತಾನೇ ಸರಿಸತೊಡಗುತ್ತದೆ, ಚಾಲಕ ಕೈ ತೆಗೆಯುತ್ತಾನೆ.