ಎಡಗೈಯ ಎಸೆತ, ಎತ್ತಿಟ್ಟ 44

ಬೋ ಕಿಂಬಲ್ ಬಲಗೈ ಆಟಗಾರ. 1990ರ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಟೂರ್ನಿಯಲ್ಲಿ ನ್ಯೂ ಮೆಕ್ಸಿಕೊ ಸ್ಟೇಟ್ ವಿರುದ್ಧ ತಮ್ಮ ಮೊದಲ ಫ್ರೀ ಥ್ರೋಗೆ ಗೆರೆಯ ಮುಂದೆ ನಿಂತಾಗ ಅವರು ಚೆಂಡನ್ನು ಎಡಗೈಗೆ ತೆಗೆದುಕೊಂಡರು. ರೂಢಿಯಿಲ್ಲದ ಕೈ, ಸೋತರೆ ಮನೆಗೆ ಹೋಗಬೇಕಾದ ಪಂದ್ಯ. ಚೆಂಡು ಸೀದಾ ಬುಟ್ಟಿಯೊಳಗೆ ಇಳಿಯಿತು. ಆ ಎಡಗೈ ಎಸೆತ ಕಿಂಬಲ್ ಅವರದಲ್ಲ, ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದ ಗೆಳೆಯ ಹ್ಯಾಂಕ್ ಗ್ಯಾದರ್ಸ್ ಅವರದು.

ಇಬ್ಬರೂ ಫಿಲಡೆಲ್ಫಿಯಾದವರು, ಡಾಬಿನ್ಸ್ ಹೈಸ್ಕೂಲಿನಲ್ಲಿ ಒಂದೇ ತಂಡಕ್ಕೆ ಆಡಿದವರು. ಗ್ಯಾದರ್ಸ್ ಬೆಳೆದದ್ದು ಬಡವರಿಗೆಂದು ಸರ್ಕಾರ ಕಟ್ಟಿಸಿದ ವಸತಿ ಸಮುಚ್ಚಯದಲ್ಲಿ. ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಜೊತೆಯಾಗಿ ಹೋದರು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಕೋಚ್ ಬದಲಾದರು, ಹುಡುಗರು ನೆಲೆ ಕಳೆದುಕೊಂಡರು. ಅದೇ ಊರಿನ ಸಣ್ಣ ಸಂಸ್ಥೆ ಲೊಯೋಲಾ ಮೇರಿಮೌಂಟ್ ಅವರನ್ನು ಸೇರಿಸಿಕೊಂಡಿತು. ಅಲ್ಲಿನ ಕೋಚ್ ಪಾಲ್ ವೆಸ್ಟ್‌ಹೆಡ್ ಅವರ ಆಟದ ರೀತಿಯೇ ಬೇರೆ. ಒಂದು ದಾಳಿಗೆ 45 ಸೆಕೆಂಡ್ ಕಾಲಾವಕಾಶವಿದ್ದ ಆ ದಿನಗಳಲ್ಲಿ ಅವರ ಹುಡುಗರು ಕೆಲವೇ ಸೆಕೆಂಡುಗಳಲ್ಲಿ ಚೆಂಡು ಎಸೆದು ಮುಗಿಸುತ್ತಿದ್ದರು. 1989–90ರಲ್ಲಿ ತಂಡದ ಸರಾಸರಿ ಪಂದ್ಯಕ್ಕೆ 122.4 ಅಂಕ. ಅದಕ್ಕೂ ಹಿಂದಿನ ಋತುವಿನಲ್ಲಿ ಗ್ಯಾದರ್ಸ್ ಪಂದ್ಯಕ್ಕೆ 32.7 ಅಂಕ, 13.7 ರೀಬೌಂಡ್ (ಬುಟ್ಟಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಗಳಿಸಿ ಎರಡರಲ್ಲೂ ದೇಶಕ್ಕೇ ಮೊದಲಿಗರಾಗಿದ್ದರು. ಮೊದಲ ದರ್ಜೆಯ ಕಾಲೇಜು ಆಟದಲ್ಲಿ ಅದಕ್ಕೂ ಮುಂಚೆ ಹಾಗೆ ಮಾಡಿದ್ದವರು ಒಬ್ಬರೇ, ಝೇವಿಯರ್ ಮೆಕ್‌ಡೇನಿಯಲ್.

ಇಂಥ ಆಟಗಾರನಿಗೆ ಕೈಕೊಡುತ್ತಿದ್ದದ್ದು ಫ್ರೀ ಥ್ರೋ. ಯಾರೂ ಅಡ್ಡ ಬರದೆ, ನಿಂತಲ್ಲಿಂದಲೇ ಎಸೆಯುವ ಚೆಂಡು. ಬಲಗೈಯಲ್ಲಿ ಎಸೆದು ಎಸೆದು ಬೇಸತ್ತು ಅವರು ಎಡಗೈಗೆ ಬದಲಾದರು.

1989ರ ಡಿಸೆಂಬರ್ 9ರಂದು ಸಾಂಟಾ ಬಾರ್ಬರಾ ವಿರುದ್ಧದ ಪಂದ್ಯದಲ್ಲಿ ಅದೇ ಫ್ರೀ ಥ್ರೋ ಗೆರೆಯ ಬಳಿ ಗ್ಯಾದರ್ಸ್ ಕುಸಿದರು. ಪರೀಕ್ಷೆಯಲ್ಲಿ ಹೃದಯದ ಬಡಿತ ತಾಳ ತಪ್ಪಿರುವುದು ಕಂಡಿತು. ಬಡಿತವನ್ನು ಹತೋಟಿಗೆ ತರುವ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟರು. ಅದನ್ನು ತೆಗೆದುಕೊಂಡರೆ ಮೈ ಭಾರ, ಓಟ ನಿಧಾನ. ಓಟವನ್ನೇ ನಂಬಿದ್ದ ತಂಡದಲ್ಲಿ, ವೃತ್ತಿಪರ ಲೀಗಿನ ಬಾಗಿಲಲ್ಲಿ ನಿಂತಿದ್ದ ಹುಡುಗನಿಗೆ ಅದು ಸಹಿಸಲಾಗದ ಭಾರ. ಮಾತ್ರೆಯ ಪ್ರಮಾಣ ಇಳಿಯುತ್ತಾ ಬಂತು. ಈ ಸಾಲನ್ನು ಬರೆಯುವಾಗ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾರ್ಚ್ 4, ಭಾನುವಾರ. ತಮ್ಮದೇ ಅಂಗಳವಾದ ಗರ್ಸ್ಟನ್ ಪೆವಿಲಿಯನ್‌ನಲ್ಲಿ ಪೋರ್ಟ್‌ಲೆಂಡ್ ವಿರುದ್ಧ ಪಶ್ಚಿಮ ಕರಾವಳಿಯ ಕಾಲೇಜುಗಳ ಗುಂಪಾದ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಟೂರ್ನಿಯ ಸೆಮಿಫೈನಲ್. ಜೊತೆಗಾರ ಎತ್ತರಕ್ಕೆ ಹಾಕಿಕೊಟ್ಟ ಚೆಂಡನ್ನು ಗಾಳಿಯಲ್ಲೇ ಹಿಡಿದು ಗ್ಯಾದರ್ಸ್ ಬುಟ್ಟಿಗೆ ತುರುಕಿದರು. 25–13. ಕೆಲವೇ ಕ್ಷಣಗಳಲ್ಲಿ ಅಂಕಣದಲ್ಲಿ ಬಿದ್ದರು. ಏಳಲು ನೋಡಿದರು, ಆಗಲಿಲ್ಲ. ಅವರಿಗೆ 23 ವರ್ಷ. ಸಾವಿಗೆ ಕಾರಣ ಹೃದಯ ಸ್ನಾಯುವಿನ ಕಾಯಿಲೆ.

ಆ ಟೂರ್ನಿ ಅಲ್ಲಿಗೇ ನಿಂತಿತು. ಋತುವಿನುದ್ದಕ್ಕೂ ಮುಂದಿದ್ದ ಲೊಯೋಲಾಗೆ ರಾಷ್ಟ್ರೀಯ ಟೂರ್ನಿಯ ಪ್ರವೇಶ ಸಿಕ್ಕಿತು. ಶೋಕದಲ್ಲಿದ್ದ ಹುಡುಗರು ನ್ಯೂ ಮೆಕ್ಸಿಕೊ ಸ್ಟೇಟ್ ತಂಡವನ್ನು 111–92ರಿಂದ, ಹಿಂದಿನ ವರ್ಷದ ಚಾಂಪಿಯನ್ ಮಿಷಿಗನ್ ತಂಡವನ್ನು 149–115ರಿಂದ, ಅಲಬಾಮಾವನ್ನು 62–60ರಿಂದ ಸೋಲಿಸಿದರು. ಕೊನೆಗೆ ಅವರನ್ನು ತಡೆದದ್ದು ಆ ವರ್ಷ ಪ್ರಶಸ್ತಿ ಗೆದ್ದ ನೆವಾಡಾ ಲಾಸ್ ವೇಗಸ್. ಕಿಂಬಲ್ ಪ್ರತಿ ಪಂದ್ಯದ ಮೊದಲ ಫ್ರೀ ಥ್ರೋ ಎಡಗೈಯಲ್ಲೇ ಎಸೆದರು. ಒಂದೂ ತಪ್ಪಲಿಲ್ಲ.

ಗ್ಯಾದರ್ಸ್ ತೊಡುತ್ತಿದ್ದ ಸಂಖ್ಯೆ 44. ವಿಶ್ವವಿದ್ಯಾಲಯ ಅದನ್ನು ಮತ್ತೊಬ್ಬ ಆಟಗಾರನಿಗೆ ಕೊಡದೆ ಎತ್ತಿಟ್ಟಿತು, ಮುಂದೆ ಕಿಂಬಲ್ ಅವರ 30 ಕೂಡ ಅದರ ಜೊತೆ ಸೇರಿತು. ಸಂಖ್ಯೆಯೊಂದನ್ನು ಹೀಗೆ ಎತ್ತಿಡುವ ಪದ್ಧತಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹುಟ್ಟಿದ್ದಲ್ಲ. 1933ರ ಡಿಸೆಂಬರ್‌ನಲ್ಲಿ ಐಸ್ ಹಾಕಿ ಪಂದ್ಯವೊಂದರಲ್ಲಿ ಟೊರೊಂಟೊದ ಏಸ್ ಬೇಲಿ ತಲೆಬುರುಡೆಗೆ ಪೆಟ್ಟು ಬಿದ್ದು ಸಾವಿನ ದವಡೆಯಿಂದ ಪಾರಾದರು, ಮತ್ತೆ ಆಡಲಾಗಲಿಲ್ಲ. 1934ರ ಫೆಬ್ರವರಿಯಲ್ಲಿ ಅವರ ಸಹಾಯಾರ್ಥ ಪಂದ್ಯ ನಡೆದಾಗ ತಂಡ ಅವರ 6ನ್ನು ಇನ್ಯಾರಿಗೂ ಕೊಡುವುದಿಲ್ಲ ಎಂದು ಘೋಷಿಸಿತು. ನರಗಳ ಕಾಯಿಲೆಯಿಂದ ಬೇಸ್‌ಬಾಲ್ ಬಿಟ್ಟ ಲೂ ಗೆರಿಗ್ ಅವರ 4ಕ್ಕೂ ಅದೇ ಗೌರವ ಸಂದಿತು. ಈ ಪದ್ಧತಿ ಬೇರು ಬಿಟ್ಟದ್ದು ವಿಜಯೋತ್ಸವದಲ್ಲಿ ಅಲ್ಲ, ಅರ್ಧಕ್ಕೆ ನಿಂತ ಆಟಗಳ ದುಃಖದಲ್ಲಿ. 2014ರಲ್ಲಿ ಬೌನ್ಸರ್ ತಗುಲಿ ತೀರಿಕೊಂಡ ಫಿಲಿಪ್ ಹ್ಯೂಸ್ ಅವರ 64ನ್ನು ಆಸ್ಟ್ರೇಲಿಯಾದ ಕ್ರಿಕೆಟ್ ಎತ್ತಿಟ್ಟದ್ದೂ ಅದೇ ದುಃಖದಿಂದ.

ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕೊಂದು ತೊಡಕಿತ್ತು. ಫೌಲ್ ಮಾಡಿದವರ ಸಂಖ್ಯೆಯನ್ನು ರೆಫರಿ ಕೈಬೆರಳಿನಲ್ಲಿ ತೋರಿಸಬೇಕು. ಒಂದು ಕೈಗೆ ಇರುವುದು ಐದೇ ಬೆರಳು. ಹಾಗಾಗಿ ಜೆರ್ಸಿಯಲ್ಲಿ 6, 7, 8, 9 ಎಂಬ ಅಂಕಿಗಳೇ ನಿಷಿದ್ಧವಾಗಿದ್ದವು. 0, 00ಯಿಂದ 55ರವರೆಗೆ ಎಣಿಸಿದರೆ ಸಿಗುವುದು 37 ಸಂಖ್ಯೆ. 2023ರಲ್ಲಿ ನಿಯಮ ಸಡಿಲವಾಗಿ 99ರವರೆಗೂ ಅವಕಾಶ ಸಿಕ್ಕಿತು, ಅಲ್ಲಿಯವರೆಗೆ ದೊಡ್ಡ ಪರಂಪರೆಯ ಕಾಲೇಜುಗಳು ಪ್ರತಿ ಮಹಾನ್ ಆಟಗಾರನಿಗೂ ಒಂದೊಂದು ಸಂಖ್ಯೆ ಬಿಟ್ಟುಕೊಟ್ಟಿದ್ದರೆ ಹೊಸ ಹುಡುಗರಿಗೆ ತೊಡಲು ಸಂಖ್ಯೆಯೇ ಉಳಿಯುತ್ತಿರಲಿಲ್ಲ. ಕ್ಯಾನ್ಸಸ್ ಜೆರ್ಸಿಯನ್ನು ಮೇಲೆ ತೂಗುಹಾಕಿ ಸಂಖ್ಯೆಯನ್ನು ಆಟದಲ್ಲೇ ಉಳಿಸಿಕೊಳ್ಳುತ್ತದೆ. ನಾರ್ತ್ ಕೆರೊಲಿನಾ ಎರಡು ಮೆಟ್ಟಿಲು ಮಾಡಿಕೊಂಡಿದೆ: ದೇಶದ ವರ್ಷದ ಆಟಗಾರ ಎನಿಸಿದ ಮೈಕಲ್ ಜೋರ್ಡನ್ ಅಂಥವರ ಸಂಖ್ಯೆಗೆ ನಿವೃತ್ತಿ, ಉಳಿದ ಸಾಧಕರ ಜೆರ್ಸಿಗೆ ಗೌರವ ಮಾತ್ರ.

ನನಗೆ ಕ್ಯಾನ್ಸಸ್ ರೀತಿಯೇ ಹೆಚ್ಚು ಒಪ್ಪಿಗೆ. ಆಟ ಪೂರ್ತಿ ಆಡಿ ಮುಗಿಸಿದವರ ಸಂಖ್ಯೆ ಮುಂದಿನವರ ಬೆನ್ನೇರಿದರೆ ಹೆಸರು ಬೆಳೆಯುತ್ತದೆ. 2017ರಲ್ಲಿ ಶಾರ್ದೂಲ್ ಠಾಕೂರ್ 10ನೇ ಜೆರ್ಸಿ ತೊಟ್ಟು ಬಂದಾಗ ಸಚಿನ್ ಅಭಿಮಾನಿಗಳು ಹರಿಹಾಯ್ದರು. ಆ ಸಿಟ್ಟು ಆ ಹುಡುಗನಿಗೆ ನ್ಯಾಯವಲ್ಲ ಎಂದೇ ಅನ್ನಿಸಿತ್ತು. ಗ್ಯಾದರ್ಸ್ ಅವರ 44ರ ಮಾತು ಹಾಗಲ್ಲ. ಅದು ಆಡಿ ಮುಗಿಸಿದ ಸಂಖ್ಯೆಯಲ್ಲ. ಅದನ್ನು ತೊಟ್ಟು ಇನ್ನೊಬ್ಬ ಹುಡುಗ ಅದೇ ನೆಲದ ಮೇಲೆ ಓಡುವುದನ್ನು ಆ ಕುಟುಂಬಕ್ಕಾಗಲಿ ಕಿಂಬಲ್ ಅವರಿಗಾಗಲಿ ನೋಡು ಎನ್ನುವುದು ಸರಿಯಲ್ಲ.

ಗರ್ಸ್ಟನ್ ಪೆವಿಲಿಯನ್‌ಗೆ ಅಭಿಮಾನಿಗಳಿಟ್ಟ ಹೆಸರು ‘ಹ್ಯಾಂಕ್ ಮನೆ’. 2020ರಲ್ಲಿ ಅದರ ಹೊರಗೆ ಗ್ಯಾದರ್ಸ್ ಪ್ರತಿಮೆ ನಿಂತಿತು. ಒಳಗೆ ಆಟ ನಡೆಯುತ್ತಲೇ ಇದೆ, ರೆಫರಿಗಳು ಬೆರಳೆತ್ತಿ ಸಂಖ್ಯೆ ತೋರಿಸುತ್ತಲೇ ಇದ್ದಾರೆ. ನಾಲ್ಕು ಬೆರಳು, ಮತ್ತೆ ನಾಲ್ಕು ಬೆರಳು: ಆ ಮನೆಯ ಹುಡುಗರಲ್ಲಿ ಆ ಸನ್ನೆ ಈಗ ಯಾರಿಗೂ ಇಲ್ಲ.